ಜಗಳವಾಡದವರ ಹೆಸರಿಗೆ ಜಾಗವಿಲ್ಲ

ಭೂದಾಖಲೆ ಕಚೇರಿಯ ಮುಖ್ಯಾಧಿಕಾರಿಗಳೂ, ‘ಮುಕ್ತ ಭೂಮಾಹಿತಿ’ ಯೋಜನೆಯ ಜನಕರೂ, ಹಳೆಯ ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಸದಾ ಸಭೆಯಲ್ಲಿರುವವರೂ ಆದ ತಮ್ಮ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಮನೆಯವರು, ಹಾಗೂ ಕಚೇರಿಯ ಹಜಾರದಲ್ಲಿ ಹೊಸದಾಗಿ ನಿಲ್ಲಿಸಿರುವ ಆ ದೊಡ್ಡ ಪರದೆ, ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ಇತ್ತ ನಾನೂ ಕ್ಷೇಮ. ಈ ಮಾತಿಗೆ ದಾಖಲೆ ಕೇಳಿದರೆ ಒದಗಿಸಲಾರೆನೆಂದು ಮೊದಲೇ ವಿನಯಪೂರ್ವಕವಾಗಿ ತಿಳಿಸಿಬಿಡುತ್ತೇನೆ. ಏಕೆಂದರೆ ಈಚೆಗೆ ತಮ್ಮ ಕಚೇರಿಯ ಕೃಪೆಯಿಂದ, ‘ಇದ್ದೇನೆ’ ಎಂದು ಬಾಯಿಬಿಡುವ ಮೊದಲು ಎರಡು ಸಲ ಯೋಚಿಸುವ ಅಭ್ಯಾಸ ನನಗಾಗಿಬಿಟ್ಟಿದೆ.

ನನ್ನ ಪರಿಚಯ ತಮಗಿರಲಾರದು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮೂವತ್ತೊಂದು ವರ್ಷಗಳಿಂದ ಪುಸ್ತಕ ಬೈಂಡ್ ಮಾಡಿಕೊಂಡು ಬಂದವಳು ನಾನು. ಶಾಲೆಯ ಹಾಜರಿ ಪುಸ್ತಕ, ಹೆರಿಗೆ ಆಸ್ಪತ್ರೆಯ ರಿಜಿಸ್ಟರು, ವಕೀಲರ ದಪ್ಪ ದಪ್ಪ ಕಾನೂನು ಸಂಪುಟಗಳು, ಯಾವುದರ ಬೆನ್ನು ಮುರಿದರೂ ಅದು ನನ್ನ ಮುಂಗೋಣೆಗೆ ಬಂದು ಬೀಳುತ್ತದೆ. ಅದೇ ಮನೆಯ ಇನ್ನರ್ಧದಲ್ಲಿ ನನ್ನ ಒಡಹುಟ್ಟಿದವನು ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾನೆ. ಹೀಗಾಗಿ ಬೀದಿಯವರಿಗೆ ನಾನು ಬೈಂಡಿಂಗ್ ಅಕ್ಕ. ಐವತ್ತು ದಾಟಿ ತಲೆ ಬೋಳಾಗಿರುವ ಅವನು ಇವತ್ತಿಗೂ ವೈಂಡಿಂಗ್ ತಮ್ಮ.

ಮನೆ ಅಪ್ಪ ಕಟ್ಟಿಸಿದ್ದು. ಇಪ್ಪತ್ತಾರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಊಟ ಮಾಡಿ ಕೈ ತೊಳೆದು, ಬೀದಿಯಲ್ಲಿ ನಿಂತು ಮನೆಯನ್ನು ನೋಡಿ, ಎಡಗಡೆಯದು ನನಗೆ, ಬಲಗಡೆಯದು ಅವನಿಗೆ ಎಂದು ಹಂಚಿಕೊಂಡೆವು. ಅದಕ್ಕೆ ಹಿಡಿದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೂ ಹೆಚ್ಚಿನ ಹೊತ್ತು ‘ಮೊದಲು ನೀನು ಆರಿಸ್ಕೋ’, ‘ಇಲ್ಲ, ನೀನೇ ಆರಿಸ್ಕೋ’ ಎನ್ನುವುದರಲ್ಲೇ ಹೋಯಿತು. ನಡುಗೋಡೆಯಲ್ಲಿ ಒಂದು ಬಾಗಿಲಿದೆ. ಅದಕ್ಕೆ ಚಿಲಕ ಹಾಕಿಸಬೇಕೆಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಮರುವಾರ ಕಚೇರಿಗೆ ಹೋಗಿ ಬರೆಸಿದೆವು. ಆ ಕಾಲದ ದಾಖಲೆಪಾಲಕರು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಎರಡು ಹೆಸರುಗಳನ್ನು ಬರೆದರು. ಶಾಯಿಯಲ್ಲಿ ಬರೆಯಬಾರದೇ ಎಂದು ನನ್ನ ತಮ್ಮ ಕೇಳಿದ್ದಕ್ಕೆ, ‘ಶಾಯಿ ಜಗಳ ಆಡೋರಿಗೆ ಕಣಪ್ಪಾ, ನಿಮ್ಮಂಥೋರಿಗೆ ಪೆನ್ಸಿಲ್ ಸಾಕು’ ಎಂದು ಬೆನ್ನು ತಟ್ಟಿ ಕಳಿಸಿದರು. ತಾವು ಹೊಸಬರಾದ್ದರಿಂದ ಈ ಪದ್ಧತಿಯನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ: ಆ ಕಚೇರಿಯಲ್ಲಿ ಯಾರ ಹೆಸರೇ ಆಗಲಿ ಮೊದಲು ಪೆನ್ಸಿಲ್‌ನಲ್ಲಿ ಏರುತ್ತಿತ್ತು, ಆಮೇಲೆ ಯಾರಾದರೂ ತಕರಾರು ತೆಗೆದು, ಕೋರ್ಟಿಗೆ ಹೋಗಿ, ಕೋರ್ಟಿನ ಕಾಗದ ಕಚೇರಿಗೆ ಬಂದರೆ ಮಾತ್ರ ಅದನ್ನು ಶಾಯಿಯಲ್ಲಿ ಬರೆಯುತ್ತಿದ್ದರು. ತಕರಾರೇ ಇಲ್ಲದವರದು ಜೀವಮಾನವಿಡೀ ಪೆನ್ಸಿಲ್‌ನಲ್ಲೇ ಉಳಿಯುತ್ತಿತ್ತು, ಅದನ್ನು ಯಾರೂ ಅಳಿಸುತ್ತಲೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಅದೊಂದು ಮರ್ಯಾದೆಯ ವಿಷಯವಾಗಿತ್ತು. ಮನೆ ಬಾಡಿಗೆಗೆ ಕೊಡುವವರು ಕೂಡ ‘ನಾವು ಪೆನ್ಸಿಲ್‌ನವರು, ನಮ್ಮಲ್ಲಿ ಕಿರಿಕಿರಿ ಇಲ್ಲ’ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಏಳು ವರ್ಷದ ಹಿಂದೆ ಆ ರಿಜಿಸ್ಟರಿನ ಬೆನ್ನು ಹರಿದು ನನ್ನ ಬಳಿಗೇ ಬಂದಾಗ, ನನ್ನ ಹೆಸರಿರುವ ಹಾಳೆಗೆ ನಾನೇ ಸೂಜಿ ಹಾಕಿ ಹೊಲಿದಿದ್ದೇನೆ.

ಹೀಗೆ ನಾವು ಅಜ್ಞಾನದಲ್ಲಿ ಸುಖವಾಗಿದ್ದಾಗ ತಾವು ಬಂದಿರಿ.

ತಾವು ಬಂದದ್ದಕ್ಕೆ ಬೀದಿಯಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು ನಾನೇ ಎಂಬುದನ್ನು ದಾಖಲಿಸಬಯಸುತ್ತೇನೆ. ಅದರಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ. ಯಾರ ನೆಲ ಯಾರದೆಂದು ತಿಳಿಯಬೇಕಾದರೆ ಮುಂಜಾನೆಯಿಂದ ಬೆಂಚಿನ ಮೇಲೆ ಕೂತು, ದಾಖಲೆಪಾಲಕರ ಮೂಡು ನೋಡಿ, ಅವರ ಅಳಿಯನ ಕುಶಲ ವಿಚಾರಿಸಿ, ಕಡೆಗೆ ‘ನಾಳೆ ಬನ್ನಿ’ ಅನ್ನಿಸಿಕೊಂಡು ಬರುವುದು ಎಷ್ಟು ಜನರ ಕಾಲು ಸವೆಸಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀರುವಿನಲ್ಲಿ ಬಚ್ಚಿಟ್ಟ ಕಾಗದದಿಂದ ಬಲವಾಗುವವನು ಬೀರುವಿನ ಬೀಗದ ಕೈ ಇರುವವನೊಬ್ಬನೇ. ನೆಲದ ವಿವರ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು ಎಂಬ ತಮ್ಮ ಮಾತನ್ನು ಉದ್ಘಾಟನೆಯ ದಿನ ಕೇಳಿ, ಅಂಟು ಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟಿದೆ. ಆವತ್ತು ತಟ್ಟಿದ್ದನ್ನು ಈಗ ವಾಪಸು ಪಡೆಯಲು ಯಾವ ನಮೂನೆ ತುಂಬಬೇಕೋ ತಿಳಿಸಿದರೆ ಉಪಕಾರವಾದೀತು.

ಏಕೆಂದರೆ ತಾವು ತರಿಸಿದ ಯಂತ್ರ ಅತಿ ಬುದ್ಧಿವಂತ. ಹಳೆಯ ಹಾಳೆಯ ಮೇಲಿನ ಧೂಳು, ಕಲೆ, ಕೊಳೆ ಎಲ್ಲವನ್ನೂ ತಾನೇ ಒರೆಸಿಹಾಕಿ, ಅಚ್ಚುಕಟ್ಟಾದ ಅಕ್ಷರವನ್ನು ಮಾತ್ರ ಉಳಿಸಿಕೊಳ್ಳುತ್ತದಂತೆ. ಪೆನ್ಸಿಲ್ ಅದರ ಕಣ್ಣಿಗೆ ಕೊಳೆ. ನಮ್ಮ ಬೀದಿಯ ನಲವತ್ತೊಂದು ನಿವೇಶನಗಳ ಪೈಕಿ ಒಂಬತ್ತು ಮಾತ್ರ ಪರದೆಯ ಮೇಲೆ ಹಸಿರಾಗಿ ಕಂಗೊಳಿಸಿದವು. ಆ ಒಂಬತ್ತು ಮನೆಗಳನ್ನು ನಾವು ಬಲ್ಲೆವು. ಮೂರು ಗೇಣು ನೆಲಕ್ಕಾಗಿ ಚಿಕ್ಕಪ್ಪನನ್ನು ಕೋರ್ಟಿಗೆ ಎಳೆದ ಗಿರಣಿಯವನು, ಪಕ್ಕದವರ ಕಿಟಕಿಯಿಂದ ತನ್ನ ಮನೆಗೆ ಗಾಳಿ ಬರುತ್ತದೆಂದು ದಾವೆ ಹೂಡಿದ ನಿವೃತ್ತ ಮೇಷ್ಟ್ರು, ಚರಂಡಿಯ ನೆಪದಲ್ಲಿ ಒಬ್ಬರಿಗೊಬ್ಬರು ತಲೆ ಒಡೆದುಕೊಂಡ ಅಣ್ಣತಮ್ಮಂದಿರು, ಇಂಥವರೇ. ಬೀದಿ ಇಷ್ಟು ವರ್ಷ ಯಾರ ಜೊತೆ ಹೆಚ್ಚು ಬಾಯಿ ಕೊಡಬಾರದೆಂದು ಎಚ್ಚರವಾಗಿತ್ತೋ, ಅವರಿಗೆಲ್ಲ ತಾವು ಹಕ್ಕುದಾರರೆಂಬ ಪಟ್ಟ ಕಟ್ಟಿದಿರಿ. ಮಿಕ್ಕ ಮೂವತ್ತೆರಡು ನಿವೇಶನಗಳು ಬೆಳ್ಳಗೆ ಬಿಳಿ. ಮುಟ್ಟಿದರೆ ‘ವಾರಸುದಾರರಿಲ್ಲ’ ಎಂಬ ಎರಡು ಇಂಚಿನ ಅಕ್ಷರ.

ಮಾಹಿತಿ ಮುಕ್ತವಾದ್ದರಿಂದ ಅದನ್ನು ನೋಡಿದವರು ನಾವೊಬ್ಬರೇ ಅಲ್ಲ. ಗೋದಾಮಿಗೆ ಜಾಗ ಹುಡುಕುತ್ತಿದ್ದ ಇಬ್ಬರು ಸಭ್ಯರು ಒಂದು ದಿನ ಕೈಯಲ್ಲಿ ಮೊಬೈಲು ಹಿಡಿದು, ಅದನ್ನೇ ನೋಡಿಕೊಂಡು, ನೇರವಾಗಿ ನನ್ನ ಮುಂಗೋಣೆಯ ಒಳಗೆ ನಡೆದುಬಂದರು. ನಾನು ಪ್ರೆಸ್ಸಿನ ಹಿಡಿ ತಿರುಗಿಸುತ್ತಿದ್ದೆ. ಅವರಲ್ಲಿ ಕಿರಿಯವರು ಬಹಳ ನಯವಾಗಿ, ‘ಅಮ್ಮಾ, ಇಲ್ಲಿ ಖಾಲಿ ಜಾಗ ಅಂತ ತೋರಿಸ್ತಿದೆ, ಸ್ವಲ್ಪ ಪಕ್ಕಕ್ಕೆ ಸರೀತೀರಾ, ಅಳತೆ ತಗೋಬೇಕು’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸರ್ಕಾರದ ಪರದೆಯನ್ನು ನಂಬಬೇಕೋ ಎದುರಿಗೆ ನಿಂತ ಹೆಂಗಸನ್ನು ನಂಬಬೇಕೋ ಎಂಬ ಪ್ರಶ್ನೆ ಬಂದಾಗ ಅವರು ಓದಿದವರು ಮಾಡುವುದನ್ನೇ ಮಾಡಿದರು. ನಾನೂ ಕಂಗಾಲಾಗಿ, ಅಂಟಿನ ಡಬ್ಬಿ ಹಿಡಿದುಕೊಂಡೇ, ನನ್ನದೇ ಮನೆಯಲ್ಲಿ ಪಕ್ಕಕ್ಕೆ ಸರಿದು ನಿಂತೆ. ಹಾಗೆ ಸರಿದದ್ದು ನೆನಪಾದಾಗಲೆಲ್ಲ ಇವತ್ತಿಗೂ ನಾಚಿಕೆಯಾಗುತ್ತದೆ.

ಹದಿನೈದು ದಿನಕ್ಕೆ ನೋಟೀಸು ಬಂತು. ಬಂತೆಂದರೆ ನಮಗೆ ಬರಲಿಲ್ಲ, ನಾವಿಲ್ಲವಲ್ಲ. ಬೀದಿಯ ವಿದ್ಯುತ್ ಕಂಬಕ್ಕೆ ಬಂತು. ಬಿಳಿ ನಿವೇಶನಗಳನ್ನೆಲ್ಲ ಸರ್ಕಾರದ ನೆಲಭಂಡಾರಕ್ಕೆ ಸೇರಿಸಿಕೊಂಡು ಉಪಯುಕ್ತ ಉದ್ದೇಶಗಳಿಗೆ ಹಂಚಲಾಗುವುದೆಂದೂ, ಆಕ್ಷೇಪಣೆ ಇರುವ ಮಾಲೀಕರು ತೊಂಬತ್ತು ದಿನಗಳೊಳಗೆ ಪರದೆಯ ಮೂಲಕವೇ ಸಲ್ಲಿಸಬೇಕೆಂದೂ ಅದರಲ್ಲಿತ್ತು. ಸಲ್ಲಿಸಲು ಹೋದೆ. ‘ಪಟ್ಟಿಯಿಂದ ನಿಮ್ಮ ಹೆಸರನ್ನು ಆರಿಸಿ’ ಎಂದಿತು ಪರದೆ. ಪಟ್ಟಿಯಲ್ಲಿದ್ದವು ಒಂಬತ್ತು ಹೆಸರು. ಇಷ್ಟು ಉದಾರವಾದ ಆಯ್ಕೆಯ ಸ್ವಾತಂತ್ರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಿರಣಿಯವನಾಗಬಹುದಿತ್ತು, ಮೇಷ್ಟ್ರಾಗಬಹುದಿತ್ತು, ನಾನಾಗುವುದೊಂದು ಬಿಟ್ಟು ಏನು ಬೇಕಾದರೂ ಆಗಬಹುದಿತ್ತು.

ಮೂಲ ರಿಜಿಸ್ಟರನ್ನು ಒಮ್ಮೆ ತೆರೆದು ನೋಡಿ, ನನ್ನ ಹೆಸರು ಅಲ್ಲೇ ಇದೆ, ಆ ಹಾಳೆಯನ್ನು ಹೊಲಿದವಳೇ ನಾನು ಎಂದು ಕೌಂಟರಿನಲ್ಲಿ ಕೇಳಿಕೊಂಡೆ. ಎಲ್ಲ ಮಾಹಿತಿಯೂ ಈಗ ಎಲ್ಲರಿಗೂ ತೆರೆದಿರುವುದರಿಂದ ರಿಜಿಸ್ಟರನ್ನು ಮುಚ್ಚಿ ಮೊಹರು ಮಾಡಲಾಗಿದೆ ಎಂಬ ಉತ್ತರ ಸಿಕ್ಕಿತು. ಹಾಗಾದರೆ ಮೊಹರು ಒಡೆದು ಆ ಪೆನ್ಸಿಲಿನ ಮೇಲೆ ಒಂದು ಗೆರೆ ಶಾಯಿ ಎಳೆಯಿರಿ ಎಂದೆ. ಅದು ದಾಖಲೆ ತಿದ್ದಿದಂತಾಗುತ್ತದೆ, ಕೆಲಸ ಹೋಗುತ್ತದೆ ಎಂದರು. ಇದ್ದದ್ದನ್ನು ಇಲ್ಲವಾಗಿಸುವುದು ಯೋಜನೆ, ಇದ್ದದ್ದನ್ನು ಇದೆ ಎನ್ನುವುದು ಅಪರಾಧ ಎಂಬ ಈ ಸೂಕ್ಷ್ಮ ನನ್ನ ದಪ್ಪ ತಲೆಗೆ ಇಳಿಯಲು ಮೂರು ಭೇಟಿ ಬೇಕಾದವು.

ನಾಲ್ಕನೆಯ ಭೇಟಿಯಲ್ಲಿ ಕೌಂಟರಿನ ಹೆಣ್ಣುಮಗಳಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಆಕೆಯ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ತಾವು ಆಕೆಯನ್ನು ಹುಡುಕಬಾರದು. ‘ಯಾರ ಮೇಲಾದ್ರೂ ಕೇಸಿದ್ಯಾ ಅಕ್ಕ?’ ಎಂದು ಕೇಳಿದಳು. ಇಲ್ಲವೆಂದು ಹೆಮ್ಮೆಯಿಂದಲೇ ಹೇಳಿದೆ. ‘ಅಯ್ಯೋ, ಒಂದೂ ಇಲ್ವಾ?’ ಎಂದು, ಮಕ್ಕಳಿಲ್ಲದವರನ್ನು ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ದಾರಿ ತೋರಿಸಿದಳು. ನಿವೇಶನದ ಮೇಲೆ ದಾವೆ ದಾಖಲಾದರೆ ಕೋರ್ಟಿನಿಂದ ಕಚೇರಿಗೆ ಕಾಗದ ಬರುತ್ತದೆ; ಕೋರ್ಟಿನ ಕಾಗದಕ್ಕೆ ಮಾತ್ರ ಮೊಹರು ಒಡೆಯುತ್ತಾರೆ; ವಾದಿ, ಪ್ರತಿವಾದಿ ಇಬ್ಬರ ಹೆಸರನ್ನೂ ಶಾಯಿಯಲ್ಲಿ ಬರೆದು ಅದೇ ವಾರ ಯಂತ್ರಕ್ಕೆ ತೋರಿಸುತ್ತಾರೆ; ದಾವೆ ನಡೆಯುವಷ್ಟು ಕಾಲ ನಿವೇಶನ ಕೆಂಪಾಗಿರುತ್ತದೆ. ಕೆಂಪನ್ನು ಯಾರೂ ಮುಟ್ಟುವಂತಿಲ್ಲ.

ಆ ಸಂಜೆ ನಡುಬಾಗಿಲಿನ ಆಚೆ ನನ್ನ ತಮ್ಮ ಸ್ಟೂಲಿನ ಮೇಲೆ, ಈಚೆ ನಾನು ಕಾಗದದ ಕಟ್ಟಿನ ಮೇಲೆ ಕೂತು, ಯಾವುದಕ್ಕಾಗಿ ಜಗಳವಾಡಬೇಕೆಂದು ಎರಡು ಗಂಟೆ ತಲೆ ಕೆಡಿಸಿಕೊಂಡೆವು. ಒಂದೂ ಸಿಗಲಿಲ್ಲ. ಅವನ ಹೆಂಡತಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಕೇಸು ಯಾರು ಯಾರ ಮೇಲೆ ಹಾಕಬೇಕೆಂಬ ಮಾತು ಬಂದಾಗ ಅವನು, ‘ನೀನೇ ಹಾಕು ಅಕ್ಕ, ನಿನ್ ಮೇಲೆ ಕೇಸ್ ಹಾಕೋಕೆ ನಂಗೆ ಕೈ ಬರಲ್ಲ’ ಎಂದ. ಕಡೆಗೆ ಮಾಳಿಗೆಯ ಮೆಟ್ಟಿಲು ಯಾರದೆಂಬ ಬಗ್ಗೆ ನಮಗೆ ಘೋರ ಭಿನ್ನಾಭಿಪ್ರಾಯವಿದೆಯೆಂದು ಒಮ್ಮತದಿಂದ ತೀರ್ಮಾನಿಸಿದೆವು.

ವಕೀಲರು ಮೆಟ್ಟಿಲನ್ನು ಒಪ್ಪಲಿಲ್ಲ. ನಿಮ್ಮ ಬೀದಿಯಿಂದ ಇದೇ ವಾರ ನಾಲ್ಕು ಮೆಟ್ಟಿಲು ಬಂದಿವೆ, ನ್ಯಾಯಾಧೀಶರು ಮೂಗು ಮುರಿಯುತ್ತಿದ್ದಾರೆ, ದಾವೆಯಲ್ಲಿ ಒಂದಿಷ್ಟು ಜೀವ ಬೇಕು ಎಂದರು. ‘ನಿಮಗೆ ಅವರಿಂದ ಯಾವತ್ತೂ ನೋವೇ ಆಗಿಲ್ವಾ? ಯೋಚ್ನೆ ಮಾಡಿ ಹೇಳಿ’ ಎಂದು ಪೆನ್ನು ಹಿಡಿದು ಕಾದರು. ಯೋಚನೆ ಮಾಡಿ ಹೇಳಿದೆ. ಅಮ್ಮ ಹಾಸಿಗೆ ಹಿಡಿದ ಹನ್ನೊಂದು ತಿಂಗಳು ಅವಳು ಇದ್ದದ್ದು ನನ್ನ ಭಾಗದಲ್ಲಿ, ಮೈ ಒರೆಸಿ ಬಟ್ಟೆ ಬದಲಿಸಿದ್ದೆಲ್ಲ ನಾನೇ ಎಂದೆ. ದೂರೆಂದು ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದೆ. ಆದರೆ ನನ್ನ ಬಾಯಿಯಿಂದ ಹೊರಟದ್ದು ವಕೀಲರ ಟೈಪಿಸ್ಟರ ಕೈ ದಾಟಿ ಹೊರಬರುವಷ್ಟರಲ್ಲಿ ಏಳನೆಯ ಪ್ಯಾರಾ ಆಗಿತ್ತು: ‘ಪ್ರತಿವಾದಿಯು ತನ್ನ ತಾಯಿಯ ಅಂತ್ಯಕಾಲದಲ್ಲಿ ಅವರನ್ನು ಸಂಪೂರ್ಣವಾಗಿ ಅಲಕ್ಷಿಸಿದ್ದು, ಈ ಕಾರಣದಿಂದಲೂ ವಾದಿಯು ಹೆಚ್ಚಿನ ಭಾಗಕ್ಕೆ ಅರ್ಹಳಾಗಿರುತ್ತಾಳೆ.’ ಓದಿದೆ. ಇನ್ನೊಮ್ಮೆ ಓದಿದೆ. ಆಮೇಲೆ ಸಹಿ ಮಾಡಿದೆ. ತೊಂಬತ್ತರಲ್ಲಿ ಆಗಲೇ ಎಪ್ಪತ್ತೆರಡು ದಿನ ಕಳೆದಿದ್ದವು.

ಇಲ್ಲಿ ತಮ್ಮ ಯೋಜನೆಯ ಎರಡನೆಯ ಮಹಿಮೆಯನ್ನು ಕೊಂಡಾಡದಿದ್ದರೆ ಕೃತಘ್ನಳಾದೇನು. ಕೆಂಪು ನಿವೇಶನವನ್ನು ಮುಟ್ಟಿದರೆ ದಾವೆಯ ಪೂರ್ತಿ ಪ್ರತಿ ತೆರೆದುಕೊಳ್ಳುತ್ತದೆ, ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಓದಬಹುದು. ನನ್ನ ತಮ್ಮ ಅದನ್ನು ತಂತಿಯ ಸುರುಳಿಗಳ ನಡುವೆ ಕೂತು ಮೊಬೈಲಿನಲ್ಲಿ ಓದಿದ. ಎದ್ದು ನಡುಬಾಗಿಲಿಗೆ ಬಂದು ಕೇಳಿದ: ‘ಅಕ್ಕ, ಇದು ವಕೀಲರು ಬರೆದಿದ್ದಾ, ನೀನು ಹೇಳಿದ್ದಾ?’ ವಕೀಲರು ಬರೆದದ್ದು ಎಂದೆ. ಆದರೆ ತಕ್ಷಣ ಅನ್ನಲಿಲ್ಲ. ಕೈಯಲ್ಲಿದ್ದ ರಟ್ಟನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ಅಂದೆ. ಅವನು ತಲೆಯಾಡಿಸಿ ಒಳಗೆ ಹೋದ.

ಮೂರು ವಾರಕ್ಕೆ ಅವನ ಉತ್ತರ ಕೋರ್ಟಿನ ಮೂಲಕ ಬಂತು. ತಾಯಿಯ ಕೊನೆಯ ದಿನಗಳಲ್ಲಿ ವಾದಿಯು ತನ್ನನ್ನು ಅವರ ಹತ್ತಿರಕ್ಕೂ ಬಿಡಲಿಲ್ಲವೆಂದು ಅದರಲ್ಲಿತ್ತು. ಅದನ್ನು ಓದಿ ನಾನು ಕಿಡಿಕಿಡಿಯಾದೆ, ಎರಡು ದಿನ ಪ್ರೆಸ್ಸು ಮುಟ್ಟಲಿಲ್ಲ. ಅವನ ಹೆಂಡತಿ ನಡುಬಾಗಿಲನ್ನು ಎಳೆದುಕೊಂಡಳು. ಅದೇ ವಾರ ಸ್ಥಳ ಪರಿಶೀಲನೆಗೆ ಕೋರ್ಟಿನ ಕಡೆಯವರು ಬಂದು, ಬಾಗಿಲು ಮುಚ್ಚಿರುವುದನ್ನು ಕಂಡು, ‘ಯಥಾಸ್ಥಿತಿ’ ಎಂದು ಬರೆದುಕೊಂಡು, ಇಪ್ಪತ್ತಾರು ವರ್ಷ ತೆರೆದೇ ಇದ್ದ ಆ ಬಾಗಿಲಿನ ಮೇಲೆ ಅಡ್ಡಲಾಗಿ ಕಾಗದ ಅಂಟಿಸಿ ಹೋದರು. ಅಂಟು ನನ್ನದೇ. ಅವರು ತಂದದ್ದು ಒಣಗಿಹೋಗಿತ್ತು, ಕೇಳಿದರು, ಕೊಟ್ಟೆ.

ತಮ್ಮ ಯೋಜನೆ ಹೀಗೆ ಸಂಪೂರ್ಣ ಯಶಸ್ವಿಯಾಯಿತು. ನಮ್ಮ ಮನೆ ಉಳಿಯಿತು. ಬೀದಿಯೂ ಬಹುಪಾಲು ಉಳಿಯಿತು, ಏಕೆಂದರೆ ಒಬ್ಬರನ್ನು ನೋಡಿ ಒಬ್ಬರು ಕಚ್ಚಾಡಲು ಕಲಿತರು. ಟೈಲರ್ ತನ್ನ ಹೆಂಡತಿಯ ಮೇಲೆ ದಾವೆ ಹೂಡಿದ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ವಾಯಿದೆಗೆ ಹೋಗಿ, ಕೋರ್ಟಿನ ಗೇಟಿನಿಂದ ನೂರು ಹೆಜ್ಜೆ ದೂರದಲ್ಲೇ ಇಳಿದು, ಮುಖ ಗಂಟುಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ಒಳಗೆ ನಡೆಯುತ್ತಾರೆ. ಮೂಲೆಮನೆಯ ನಿವೃತ್ತ ನರ್ಸಮ್ಮನಿಗೆ ಮಾತ್ರ ಒಬ್ಬ ಶತ್ರುವೂ ಸಿಗಲಿಲ್ಲ. ಅರ್ಧ ಬೀದಿಯ ಹೆರಿಗೆ ಮಾಡಿಸಿದ ಕೈ ಅದು. ಮನೆಮನೆಗೆ ಹೋಗಿ, ‘ನನ್ ಮೇಲೊಂದು ಕೇಸ್ ಹಾಕ್ರಪ್ಪಾ, ನಿಮ್ಮ ದಮ್ಮಯ್ಯ’ ಎಂದು ಬೇಡಿಕೊಂಡರು; ಯಾರಿಗೂ ಮನಸ್ಸು ಬರಲಿಲ್ಲ. ತೊಂಬತ್ತೊಂದನೆಯ ದಿನ ಅವರ ಮನೆ ನೆಲಭಂಡಾರಕ್ಕೆ ಸೇರಿತು. ಈಗ ಅಕ್ಕನ ಮಗಳ ಮನೆಯ ವರಾಂಡದಲ್ಲಿದ್ದಾರೆ. ತಮ್ಮ ಪರದೆಯ ಮೇಲೆ ಅವರ ನಿವೇಶನ ನೀಲಿಯಾಗಿ ಬಹಳ ಚೆನ್ನಾಗಿ ಕಾಣುತ್ತದೆ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಅರಿಕೆಗಳಿವೆ. ಒಳ್ಳೆಯತನದಿಂದ ಬದುಕಿ ಹಾಳಾದವರಿಗಾಗಿ ಕಚೇರಿಯ ನೆಲಮಹಡಿಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲೇ ಆದರೂ ಸರಿ, ಒಂದು ಶತ್ರು ಸರಬರಾಜು ಕೌಂಟರ್ ತೆರೆಯಬೇಕು. ಗುರುತಿನ ಚೀಟಿ ತೋರಿಸಿದವರಿಗೆ ತಲೆಗೊಬ್ಬ ನಂಬಿಕಸ್ತ ಶತ್ರುವನ್ನು ಒದಗಿಸಬೇಕು. ಅಂಥವನು ಹಿರಿಯ ನಾಗರಿಕರ ಮನೆಬಾಗಿಲಿಗೇ ಬಂದು ನಾಲ್ಕು ಮಾತು ಬೈದು ರಸೀತಿ ಪಡೆದು ಹೋಗುವಂತಿರಬೇಕು. ಶಾಲೆಗಳಲ್ಲಿ ಮಕ್ಕಳಿಗೆ ಹೊಂದಿಕೊಂಡು ಬಾಳಿ ಎಂದು ಹೇಳಿಕೊಡುವ ಮೇಷ್ಟ್ರುಗಳಿಗೆ ತಮ್ಮ ಕಚೇರಿಯಿಂದ ಒಂದು ಎಚ್ಚರಿಕೆಯ ಸುತ್ತೋಲೆ ಹೋಗಬೇಕು, ಆ ಪಾಠದಿಂದ ಮುಂದೆ ಎಷ್ಟು ಆಸ್ತಿ ನಷ್ಟವಾಗುತ್ತದೆಂದು ಅವರಿಗೆ ತಿಳಿಯದು. ಇದೆಲ್ಲ ಆಗದ ಮಾತೆಂದಾದರೆ ಇನ್ನೊಂದು ಅಸಾಧ್ಯವಾದ ಬೇಡಿಕೆಯಿದೆ, ಬಾಯಿಬಿಡಲು ಸಂಕೋಚವಾಗುತ್ತದೆ: ಆ ಬೀರುವಿನ ಬೀಗ ತೆಗೆದು, ರಿಜಿಸ್ಟರನ್ನು ಬೆಳಕಿಗೆ ಹಿಡಿದು, ಕಣ್ಣಿರುವ ಒಬ್ಬ ಮನುಷ್ಯನಿಂದ ಒಂದು ಸಲ ಓದಿಸಬೇಕು. ನಮ್ಮ ಬೀದಿಯದು ಹನ್ನೆರಡೇ ಹಾಳೆ. ನಾನು ಎಣಿಸಿ ಹೊಲಿದಿದ್ದೇನೆ, ಒಂದು ಮಧ್ಯಾಹ್ನದ ಕೆಲಸ.

ಕಳೆದ ತಿಂಗಳು ನಾನು ದಾವೆ ಹಿಂತೆಗೆದುಕೊಳ್ಳಲು ಹೋಗಿದ್ದೆ. ಮನೆ ಉಳಿಯಿತು, ನಾಟಕ ಮುಗಿಯಿತು ಎಂದುಕೊಂಡಿದ್ದೆ. ಅದೇ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು ತಿಳಿಹೇಳಿದಳು. ರಾಜಿಯಾದರೆ ಶಾಯಿಯ ನಮೂದಿನ ಮೇಲೆ ಅಡ್ಡಗೆರೆ ಬೀಳುತ್ತದೆ, ಅಡ್ಡಗೆರೆ ಬಿದ್ದದ್ದನ್ನು ಯಂತ್ರ ಅಳಿಸಿದ್ದೆಂದು ಓದುತ್ತದೆ, ನಿವೇಶನ ಮತ್ತೆ ಬಿಳಿಯಾಗುತ್ತದೆ. ‘ನೀವಿಬ್ರೂ ಇರೋ ತನಕ ಇದು ನಡೀತಾ ಇರ್ಬೇಕು ಅಕ್ಕ’ ಎಂದಳು. ವಕೀಲರೂ ಕಡ್ಡಿ ಮುರಿದಂತೆ ಹೇಳಿದರು: ಮಾತುಕತೆ ಬೇಡ, ಹೋಗಿಬಂದು ಮಾಡಬೇಡಿ, ತಪ್ಪಾಯಿತೆಂದಂತೂ ಅನ್ನಲೇಬೇಡಿ, ಕ್ಷಮೆ ಕೇಳಿದರೆ ರಾಜಿ ಎಂದೇ ಅರ್ಥವಾಗುತ್ತದೆ.

ಆದ್ದರಿಂದ ಮಾನ್ಯರೇ, ನಾನು ಕ್ಷಮೆ ಕೇಳುತ್ತಿಲ್ಲ. ಮುಕ್ತ ಮಾಹಿತಿಯ ಯುಗದಲ್ಲಿ ಒಂದಿಷ್ಟು ಮಾಹಿತಿಯನ್ನು ಮುಕ್ತಗೊಳಿಸುತ್ತಿದ್ದೇನೆ, ಅಷ್ಟೇ. ಅದಕ್ಕಾಗಿಯೇ ಈ ಪತ್ರವನ್ನು ತಮ್ಮ ಟಪಾಲಿನ ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿರುವುದು. ತಾವಿದನ್ನು ಓದುವುದಿಲ್ಲವೆಂದು ಬಲ್ಲೆ. ಆದರೆ ನಮ್ಮ ನಡುಗೋಡೆಯ ಆಚೆ ಒಬ್ಬನಿದ್ದಾನೆ, ಅವನು ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಒಂದಕ್ಷರ ಬಿಡದೆ ಓದುತ್ತಾನೆ.

ಏಳನೆಯ ಪ್ಯಾರಾ ಸುಳ್ಳು. ಅಮ್ಮ ಮಲಗಿದ್ದ ಹನ್ನೊಂದು ತಿಂಗಳೂ ಅವನು ದಿನಾ ಸಂಜೆ ಕೈಯ ವಾರ್ನಿಷ್ ತೊಳೆದುಕೊಂಡು ಬಂದು, ಆ ಬಾಗಿಲಲ್ಲಿ ನಿಂತು, ‘ನಾನೇನಾದ್ರೂ ಮಾಡ್ಲಾ ಅಕ್ಕ’ ಎಂದು ಕೇಳುತ್ತಿದ್ದ. ನಿನಗೆ ಇದೆಲ್ಲ ತಿಳಿಯುವುದಿಲ್ಲ, ಹೋಗು ಎಂದು ದಿನಾ ಕಳಿಸಿದವಳು ನಾನು. ಒಂದು ದಿನ ಅವನು ಅಮ್ಮನ ತಲೆ ಬಾಚಲು ಹಣಿಗೆ ಎತ್ತಿಕೊಂಡಾಗ ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಅಮ್ಮನನ್ನು ನೋಡಿಕೊಂಡವಳು ನಾನೊಬ್ಬಳೇ ಎನ್ನುವ ಹೆಮ್ಮೆ ನನಗೆ ಬೇಕಾಗಿತ್ತು. ಅವನನ್ನು ಹೊರಗೆ ನಿಲ್ಲಿಸಿದ್ದೂ ನಾನೇ, ಹೊರಗೆ ನಿಂತನಲ್ಲ ಎಂದು ಒಳಗೊಳಗೇ ಮುನಿಸಿಕೊಂಡದ್ದೂ ನಾನೇ. ಅವನು ಕೋರ್ಟಿಗೆ ಬರೆದುಕೊಟ್ಟ ಮಾತು ನಿಜ. ಇದು ಪ್ರತಿವಾದಿಯ ಗಮನಕ್ಕಾಗಿ ಅಲ್ಲ, ಸಾರ್ವಜನಿಕರ ತಿಳಿವಳಿಕೆಗಾಗಿ. ಸಾರ್ವಜನಿಕರಲ್ಲಿ ಅವನೂ ಒಬ್ಬನಾದರೆ ಅದಕ್ಕೆ ನಾನು ಹೊಣೆಯಲ್ಲ.

ತಮ್ಮ ಪರದೆ ನೂರ್ಕಾಲ ಬೆಳಗಲಿ, ತಮಗೆ ಬಡ್ತಿ ಸಿಗಲಿ, ತಮ್ಮ ಸ್ವಂತ ಮನೆಯ ನಮೂದೂ ಒಮ್ಮೆ ಆ ಯಂತ್ರದ ಕಣ್ಣಿಗೆ ಬೀಳಲಿ ಎಂದು ಹಾರೈಸುತ್ತೇನೆ.

ಇಂತು, ಶಾಯಿಯಲ್ಲಿ ಇರುವವಳೂ
ಕೆಂಪು ನಿವೇಶನದ ಎಡಭಾಗದಲ್ಲಿ ವಾಸವಾಗಿರುವವಳೂ ಆದ
ತಮ್ಮ ವಿಶ್ವಾಸಿ,
ಬೈಂಡಿಂಗ್ ಅಕ್ಕ

ಮರೆತ ಮಾತು: ಮೇಲಿನದನ್ನು ಓದಿ ನಾವು ರಾಜಿಯಾಗಿದ್ದೇವೆಂದು ತಾವು ಕೆಂಪನ್ನು ಅಳಿಸಹೊರಟರೆ, ಮುಂದಿನ ವಾಯಿದೆಗೆ ನನ್ನಲ್ಲಿ ಹೊಸದೊಂದು ದೂರು ಸಿದ್ಧವಾಗಿದೆ. ನಲ್ಲಿ ಇರುವುದು ಅವನ ಭಾಗದಲ್ಲಿ. ನಡುಬಾಗಿಲು ಮುಚ್ಚಿದ ಮರುದಿನದಿಂದ ಪ್ರತಿವಾದಿಯು ದಿನಾ ಬೆಳಿಗ್ಗೆ, ನಾನು ಏಳುವ ಮೊದಲೇ, ನನ್ನ ಅನುಮತಿಯಿಲ್ಲದೆ, ನನ್ನ ಬೀದಿಬಾಗಿಲ ಮೆಟ್ಟಿಲೇರಿ ಎರಡು ಕೊಡ ನೀರು ಇಟ್ಟುಹೋಗುತ್ತಿದ್ದಾನೆ. ಇದು ಅತಿಕ್ರಮ ಪ್ರವೇಶವೆಂದು ವಕೀಲರು ಖಚಿತಪಡಿಸಿದ್ದಾರೆ. ಕೊಡಗಳನ್ನು ಸಾಕ್ಷ್ಯವೆಂದು ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ನನಗೂ ಇದೆ, ಆದರೆ ಸಂಜೆಯೊಳಗೆ ಸಾಕ್ಷ್ಯವೆಲ್ಲ ಖರ್ಚಾಗಿಬಿಡುತ್ತದೆ. ಖಾಲಿ ಕೊಡಗಳನ್ನು ಅವನ ಮೆಟ್ಟಿಲ ಮೇಲೆ ಇಟ್ಟು ಬರುತ್ತೇನೆ.